ಕಾರ್ಡಿನೊಳಗೂ ಒಂದು ಸ್ವಿಚ್: ಎಸ್‌ಆರ್‌ಐಒವಿ ಜೋಡಣೆಯ ಟಿಪ್ಪಣಿಗಳು

ವರ್ಚುವಲ್ ಮಷೀನುಗಳನ್ನು (ವಿಎಂ) ಹೊತ್ತ ಗಣಕದಲ್ಲಿ, ಅಂದರೆ ಹೋಸ್ಟ್‌ನಲ್ಲಿ, ಯಾವ ಪ್ರೊಸೆಸ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ‘ಟಾಪ್’ ತೆರೆದರೆ ಪಟ್ಟಿಯ ತುದಿಯಲ್ಲಿ ಯಾವ ವಿಎಂ ಕೂಡ ಕಾಣುತ್ತಿರಲಿಲ್ಲ. ಅಲ್ಲಿ ‘ವಿಹೋಸ್ಟ್’ ಎಂದು ಆರಂಭವಾಗಿ ಒಂದು ಪ್ರೊಸೆಸ್ ಸಂಖ್ಯೆಯಲ್ಲಿ ಮುಗಿಯುವ ಕರ್ನಲ್ ಥ್ರೆಡ್‌ಗಳು ಕುಳಿತಿರುತ್ತಿದ್ದವು. ಫೈರ್‌ವಾಲ್ ಕೆಲಸ ಮಾಡುವ ವಿಎಂ ಒಂದು ವಿಎಲ್ಎಎನ್‌ನಿಂದ (ಒಂದೇ ಜಾಲದಲ್ಲಿ ಬೇರ್ಪಡಿಸಿದ ಭಾಗ) ಇನ್ನೊಂದಕ್ಕೆ ದೊಡ್ಡ ಕಡತ ದಾಟಿಸುವಾಗಲೆಲ್ಲ ಅವು ಒಂದೊಂದು ಕೋರನ್ನು ಪೂರ್ತಿಯಾಗಿ ನುಂಗುತ್ತಿದ್ದವು. ಕಾರಣ ಗುಟ್ಟೇನಲ್ಲ. ಹೊರಗಿನಿಂದ ಬಂದ ಪ್ಯಾಕೆಟ್ ಮೊದಲು ಹೋಸ್ಟ್‌ನ ಮೆಮೊರಿಗೆ ಇಳಿಯುತ್ತದೆ, ಲಿನಕ್ಸ್ ಬ್ರಿಜ್ ಎಂಬ ತಂತ್ರಾಂಶದ ಸ್ವಿಚ್ ಅದರ ವಿಳಾಸ ನೋಡಿ ಟ್ಯಾಪ್ ಎಂಬ ವರ್ಚುವಲ್ ಪೋರ್ಟಿಗೆ ದಾಟಿಸುತ್ತದೆ, ವಿಹೋಸ್ಟ್ ಅದನ್ನು ವಿಎಂನ ಮೆಮೊರಿಗೆ ನಕಲು ಮಾಡುತ್ತದೆ. ಫೈರ್‌ವಾಲ್ ಅದನ್ನು ಪರಿಶೀಲಿಸಿ ಹೊರಗೆ ಕಳುಹಿಸುವಾಗ ಇದೇ ಯಾತ್ರೆ ಹಿಮ್ಮುಖವಾಗಿ ನಡೆಯುತ್ತದೆ. ರೌಟರ್ ಆಗಿರುವ ವಿಎಂಗೆ ಪ್ರತಿ ಪ್ಯಾಕೆಟ್ಟಿನ ಮೇಲೂ ಈ ಸುಂಕ ಎರಡೆರಡು ಬಾರಿ ಬೀಳುತ್ತದೆ.

ಹೋಸ್ಟ್‌ನಲ್ಲಿದ್ದ ಕಾರ್ಡು ಇಂಟೆಲ್‌ನ ಎಕ್ಸ್‌520, ಎರಡು ಪೋರ್ಟಿನದು. ಒಳಗಿರುವ ಚಿಪ್ 82599. 2009ರ ಕಾಲದ ಈ ಚಿಪ್ಪಿಗೆ ವಯಸ್ಸಾಗಿದೆ, ನಿಜ. ಆದರೆ ಎಸ್‌ಆರ್‌ಐಒವಿ (ಸಿಂಗಲ್ ರೂಟ್ ಐ/ಒ ವರ್ಚುವಲೈಸೇಶನ್) ಎಂಬ ಸೌಲಭ್ಯ ಇದರಲ್ಲಿ ಪೂರ್ಣವಾಗಿಯೇ ಇದೆ. ಪಿಸಿಐ ಮಾನದಂಡಗಳನ್ನು ರೂಪಿಸುವ ಪಿಸಿಐ-ಸಿಗ್ ಅದರ ಮೊದಲ ಆವೃತ್ತಿಯನ್ನು ಪ್ರಕಟಿಸಿದ್ದು 2007ರಲ್ಲಿ. ಅದರ ತಿರುಳು ಇಷ್ಟು: ಒಂದೇ ಕಾರ್ಡು ಪಿಸಿಐ ಬಸ್ಸಿನ ಮೇಲೆ ತಾನು ಹಲವು ಕಾರ್ಡುಗಳೆಂಬಂತೆ ಕಾಣಿಸಿಕೊಳ್ಳುತ್ತದೆ. ಅಸಲಿ ಕಾರ್ಡು ಫಿಸಿಕಲ್ ಫಂಕ್ಷನ್, ಅಂದರೆ ಪಿಎಫ್. ಅದು ಹೆರುವ ಹಗುರ ಪ್ರತಿರೂಪಗಳು ವರ್ಚುವಲ್ ಫಂಕ್ಷನ್‌ಗಳು, ವಿಎಫ್. ಪ್ರತಿ ವಿಎಫ್‌ಗೂ ಸ್ವಂತ ಪಿಸಿಐ ವಿಳಾಸ, ಸ್ವಂತ ಕ್ಯೂಗಳು, ಸ್ವಂತ ಇಂಟರಪ್ಟ್‌ಗಳು. ಅದನ್ನು ವಿಎಂನ ಕೈಗೆ ಕೊಟ್ಟರೆ ಪ್ಯಾಕೆಟ್ ಕಾರ್ಡಿನಿಂದ ನೇರವಾಗಿ ವಿಎಂನ ಮೆಮೊರಿಗೆ ಇಳಿಯುತ್ತದೆ. ನಡುವೆ ಬ್ರಿಜ್ ಇಲ್ಲ, ವಿಹೋಸ್ಟ್ ಇಲ್ಲ.

ಇದಕ್ಕೂ ಮುಂಚಿನ ವಿಎಂಡಿಕ್ಯೂ ಎಂಬ ಏರ್ಪಾಟೂ ಇದೇ ಚಿಪ್ಪಿನಲ್ಲಿದೆ. ಅದು ಬಂದ ಪ್ಯಾಕೆಟ್ಟುಗಳನ್ನು ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ನೋಡಿ ಬೇರೆ ಬೇರೆ ಕ್ಯೂಗಳಿಗೆ ವಿಂಗಡಿಸಿ ಕೊಡುತ್ತದೆ, ಅಷ್ಟೇ. ವಿಎಂವರೆಗೆ ಹೊರುವ ಕೂಲಿ ಹೋಸ್ಟ್‌ನದ್ದೇ ಆಗಿರುತ್ತದೆ. ಎಸ್‌ಆರ್‌ಐಒವಿ ಅದೇ ವಿಂಗಡಣೆಯ ಯಂತ್ರದ ಮೇಲೆ ನಿಂತಿದೆ. ಕಾರ್ಡಿನೊಳಗೆ ಒಂದು ಪುಟ್ಟ ಸ್ವಿಚ್ ಇದೆ ಎಂಬ ಮಾತನ್ನು ಇಲ್ಲಿಂದಲೇ ನೆನಪಿಟ್ಟುಕೊಳ್ಳಬೇಕು. ಮುಂದೆ ಬಂದ ತಾಪತ್ರಯಗಳಲ್ಲಿ ಹೆಚ್ಚಿನವು ಅದರದ್ದೇ.

ಸ್ಲಾಟ್, ಬಯೋಸ್, ಐಒಎಂಎಂಯು

ಮೊದಲು ಸ್ಲಾಟ್ ವಿಚಾರ. ಮದರ್‌ಬೋರ್ಡಿನಲ್ಲಿ ಹದಿನಾರು ಲೇನ್ (ದತ್ತಾಂಶ ಹರಿಯುವ ದಾರಿ) ಉದ್ದದ ಎರಡು ಸ್ಲಾಟ್‌ಗಳಿದ್ದವು. ಒಂದು ನೇರವಾಗಿ ಪ್ರೊಸೆಸರಿಗೆ ಸೇರಿದ್ದು, ಇನ್ನೊಂದು ಚಿಪ್‌ಸೆಟ್ ಮೂಲಕ ಬರುವಂಥದ್ದು. ಎರಡನೆಯದರಲ್ಲಿ ಜೋಡಿಸಿರುವುದು ನಾಲ್ಕೇ ಲೇನ್. ಎಕ್ಸ್‌520 ಎರಡನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು. ಲೇನಿಗೆ ಸೆಕೆಂಡಿಗೆ 5 ಗಿಗಾಟ್ರಾನ್ಸ್‌ಫರ್. 8 ಬಿಟ್ ಸಾಗಿಸಲು 10 ಬಿಟ್ ಬಳಸುವ 8ಬಿ/10ಬಿ ಎನ್‌ಕೋಡಿಂಗ್ ಕಳೆದರೆ ಉಳಿಯುವುದು ಲೇನಿಗೆ 4 ಗಿಗಾಬಿಟ್. ಎಂಟು ಲೇನ್ ಸಿಕ್ಕರೆ ಒಂದೊಂದು ದಿಕ್ಕಿಗೆ 32 ಗಿಗಾಬಿಟ್, ನಾಲ್ಕಾದರೆ 16. ತಲಾ 10 ಗಿಗಾಬಿಟ್‌ನ ಎರಡೂ ಪೋರ್ಟ್ ತುಂಬಿ ಹರಿದರೆ 16 ಸಾಲದು. ಕಾರ್ಡು ಯಾವ ಅಗಲಕ್ಕೆ ಒಪ್ಪಿಕೊಂಡಿದೆ ಎಂಬುದನ್ನು ‘ಎಲ್‌ಎಸ್‌ಪಿಸಿಐ’ಯ ವಿವರವಾದ ಔಟ್‌ಪುಟ್‌ನಲ್ಲಿ ಲಿಂಕ್ ಸ್ಟೇಟಸ್ ಸಾಲು ಹೇಳುತ್ತದೆ. ಅಲ್ಲೇ ಇರುವ ಇನ್ನೊಂದು ಸಾಲು, ಲಿಂಕ್ ಕೇಪಬಿಲಿಟಿ, ಕಾರ್ಡಿನ ಯೋಗ್ಯತೆಯನ್ನು ಮಾತ್ರ ಹೇಳುತ್ತದೆ. ಅದನ್ನು ನೋಡಿ ಸಮಾಧಾನಪಟ್ಟುಕೊಂಡರೆ ಪ್ರಯೋಜನವಿಲ್ಲ.

ಪ್ರೊಸೆಸರಿನ ಸ್ಲಾಟ್ ಆರಿಸಲು ಇನ್ನೂ ಬಲವಾದ ಕಾರಣ ಐಒಎಂಎಂಯು ಗ್ರೂಪ್. ವಿಎಂನ ಕೈಗೆ ಸಾಧನವನ್ನು ನೇರವಾಗಿ ಕೊಟ್ಟಾಗ ಅದು ಮನಬಂದ ಮೆಮೊರಿ ವಿಳಾಸಕ್ಕೆ ಬರೆಯದಂತೆ ತಡೆಯುವುದು ಐಒಎಂಎಂಯು: ಇಂಟೆಲ್‌ನಲ್ಲಿ ವಿಟಿ-ಡಿ, ಎಎಂಡಿಯಲ್ಲಿ ಎಎಂಡಿ-ವಿಐ. ಪರಸ್ಪರ ಪ್ರತ್ಯೇಕಿಸಲು ಸಾಧ್ಯವಿಲ್ಲದ ಸಾಧನಗಳನ್ನೆಲ್ಲ ಕರ್ನಲ್ ಒಂದೇ ಗ್ರೂಪ್‌ಗೆ ಹಾಕುತ್ತದೆ. ಚಿಪ್‌ಸೆಟ್ ಸ್ಲಾಟ್‌ನಲ್ಲಿ ಕಾರ್ಡು ಹಾಕಿ ನೋಡಿದಾಗ ಅದು ಡಿಸ್ಕ್ ಕಂಟ್ರೋಲರ್ ಜೊತೆ ಒಂದೇ ಗ್ರೂಪ್‌ನಲ್ಲಿ ಸಿಕ್ಕಿಕೊಂಡಿತ್ತು. ಎಸಿಎಸ್ ಓವರ್‌ರೈಡ್ ಪ್ಯಾಚ್ ಹಾಕಿದ ಕರ್ನಲ್‌ನಿಂದ ಇದನ್ನು ಬಲವಂತವಾಗಿ ಒಡೆಯಬಹುದು. ಆದರೆ ಆ ಪ್ಯಾಚ್ ಇಲ್ಲದ ಪ್ರತ್ಯೇಕತೆಯನ್ನು ಇದೆ ಎಂದು ಕರ್ನಲ್‌ಗೆ ನಂಬಿಸುತ್ತದೆ, ಅಷ್ಟೇ. ಫೈರ್‌ವಾಲ್‌ಗಾಗಿ ಮಾಡುವ ಜೋಡಣೆಯಲ್ಲಿ ಅಂಥ ಸುಳ್ಳಿಗೆ ಜಾಗ ಕೊಡುವ ಮನಸ್ಸಾಗಲಿಲ್ಲ. ಕಾರ್ಡು ಪ್ರೊಸೆಸರಿನ ಸ್ಲಾಟ್‌ಗೆ ಹೋಯಿತು. ಗ್ರೂಪ್‌ಗಳು ತಾವಾಗಿಯೇ ಬೇರೆಯಾದವು.

ಬಯೋಸ್‌ನಲ್ಲಿ ವಿಟಿ-ಡಿ ಚಾಲೂ ಮಾಡಿ, ಕರ್ನಲ್ ಸಾಲಿಗೆ ಎರಡು ನಿಯತಾಂಕ ಸೇರಿಸಿದ್ದಾಯಿತು: ಇಂಟೆಲ್ ಐಒಎಂಎಂಯುವನ್ನು ಆನ್ ಮಾಡುವುದು ಒಂದು, ಐಒಎಂಎಂಯುವನ್ನು ‘ಪಿಟಿ’ ಎಂದರೆ ಪಾಸ್‌ಥ್ರೂ ಬಗೆಗೆ ಹೊಂದಿಸುವುದು ಇನ್ನೊಂದು. ಎರಡನೆಯದು ಹೋಸ್ಟ್‌ನ ಸ್ವಂತ ಸಾಧನಗಳನ್ನು ವಿಳಾಸ ಅನುವಾದದ ಹೊರೆಯಿಂದ ಬಿಡಿಸುತ್ತದೆ.

ಇಷ್ಟಾದ ಮೇಲೆ ವಿಎಫ್ ಸೃಷ್ಟಿ. ಲಿನಕ್ಸ್ 3.8ರಿಂದ ಇದಕ್ಕೆ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್‌ನ ಹೊಂದಿಕೆಗಳನ್ನು ಕಡತಗಳಾಗಿ ತೋರಿಸುವ ಜಾಗ) ಎರಡು ಕಡತಗಳಿವೆ. ‘ಟೋಟಲ್‌ವಿಎಫ್‌ಎಸ್’ ಎಂದು ಮುಗಿಯುವುದು ಕಾರ್ಡಿನ ಗರಿಷ್ಠ ಎಷ್ಟೆಂದು ಹೇಳುತ್ತದೆ, ‘ನಮ್‌ವಿಎಫ್‌ಎಸ್’ ಎಂದು ಮುಗಿಯುವುದಕ್ಕೆ ಬೇಕಾದ ಸಂಖ್ಯೆ ಬರೆದರೆ ಅಷ್ಟು ವಿಎಫ್‌ಗಳು ಹುಟ್ಟುತ್ತವೆ. ಈ ಚಿಪ್ಪಿನಲ್ಲಿ ಪೋರ್ಟಿಗೆ 64 ಪೂಲ್‌ಗಳಿವೆ, ಅಂದರೆ ಕ್ಯೂಗಳ ಗುಂಪುಗಳು. ಒಂದನ್ನು ಪಿಎಫ್ ತನಗೇ ಇಟ್ಟುಕೊಳ್ಳುವುದರಿಂದ ಲಿನಕ್ಸ್‌ನಲ್ಲಿ ಸಿಗುವುದು 63. ನನಗೆ ಬೇಕಿದ್ದದ್ದು ನಾಲ್ಕು.

ನಾಲ್ಕು ಎಂದು ಬರೆದರೆ ಕಾರ್ಡು ಒಪ್ಪಲಿಲ್ಲ. ಕರ್ನಲ್ ಲಾಗ್‌ನಲ್ಲಿ ಸಿಕ್ಕ ಉತ್ತರ: ಎಸ್‌ಆರ್‌ಐಒವಿಗೆ ಸಾಕಷ್ಟು ಎಂಎಂಐಒ ಸಂಪನ್ಮೂಲವಿಲ್ಲ. ವಿಎಫ್‌ಗಳ ರಿಜಿಸ್ಟರುಗಳಿಗೂ ಮೆಮೊರಿ ನಕ್ಷೆಯಲ್ಲಿ ಜಾಗ ಬೇಕು. ಆ ಜಾಗವನ್ನು ಬೂಟ್ ಆಗುವಾಗಲೇ ಬಯೋಸ್ ಕಾದಿರಿಸಬೇಕು. ಬಯೋಸ್‌ನ ಪಿಸಿಐ ಪುಟದಲ್ಲಿ, ವಿಟಿ-ಡಿಯಿಂದ ಬಹಳ ದೂರದಲ್ಲಿ, ಎಸ್‌ಆರ್‌ಐಒವಿಗೆಂದೇ ಪ್ರತ್ಯೇಕ ಆಯ್ಕೆಯೊಂದಿತ್ತು. ಅದನ್ನು ಚಾಲೂ ಮಾಡಿದ ಮೇಲೆ ತಕರಾರು ನಿಂತಿತು. ಅಂಥ ಆಯ್ಕೆಯೇ ಇಲ್ಲದ ಬೋರ್ಡುಗಳಲ್ಲಿ ಪಿಸಿಐ ಸಂಪನ್ಮೂಲಗಳನ್ನು ಕರ್ನಲ್ಲೇ ಮರುಹಂಚಿಕೆ ಮಾಡುವಂತೆ ‘ಪಿಸಿಐ=ರಿಆಲಾಕ್’ ನಿಯತಾಂಕ ಕೊಟ್ಟು ನೋಡಬಹುದು.

ವಿಎಫ್‌ಗಳು ಹುಟ್ಟುವ ಕ್ಷಣದಲ್ಲಿ ಪಿಎಫ್ ತನ್ನನ್ನು ತಾನೇ ಮರುಹೊಂದಿಸಿಕೊಳ್ಳುತ್ತದೆ. ಲಿಂಕ್ ಬಿದ್ದು ಏಳುತ್ತದೆ. ಅದೇ ಪೋರ್ಟಿನ ಮೂಲಕ ಎಸ್‌ಎಸ್‌ಎಚ್ ಮಾಡಿ ಕುಳಿತಿರುವವರು ಇದನ್ನು ತಿಳಿದಿರಬೇಕು. ನಾನು ಮದರ್‌ಬೋರ್ಡಿನ ಒಂದು ಗಿಗಾಬಿಟ್ ಪೋರ್ಟನ್ನು ನಿರ್ವಹಣೆಗೆಂದೇ ಬಿಟ್ಟಿದ್ದೇನೆ. ಒಮ್ಮೆ ನಾಲ್ಕು ಇದ್ದದ್ದನ್ನು ಆರಕ್ಕೆ ಏರಿಸಬೇಕೆಂದರೆ ನೇರವಾಗಿ ಆರು ಬರೆಯಲು ಬರುವುದಿಲ್ಲ. ಮೊದಲು ಸೊನ್ನೆ ಬರೆಯಬೇಕು. ಅಂದರೆ ಇರುವ ವಿಎಫ್‌ಗಳೆಲ್ಲ ಹೋಗುತ್ತವೆ, ಅವುಗಳನ್ನು ಹಿಡಿದ ವಿಎಂಗಳೆಲ್ಲ ಮೊದಲು ನಿಲ್ಲಬೇಕು. ಹಾಗಾಗಿ ಆರಂಭದಲ್ಲೇ ಒಂದೆರಡು ಹೆಚ್ಚು ಮಾಡಿಟ್ಟುಕೊಳ್ಳುವುದು ಲೇಸು.

ಹುಟ್ಟಿದ ವಿಎಫ್‌ಗಳ ವಿಳಾಸಗಳನ್ನು ನೋಡುವುದೇ ಒಂದು ಮೋಜು. ಪಿಎಫ್‌ಗಳು 03:00.0 ಮತ್ತು 03:00.1. ಮೊದಲ ಪೋರ್ಟಿನ ವಿಎಫ್‌ಗಳು 03:10.0, 03:10.2, 03:10.4, 03:10.6 ಎಂದು ಎರಡೆರಡು ಹೆಜ್ಜೆ ಹಾರುತ್ತವೆ. ಬೆಸ ಸಂಖ್ಯೆಗಳು ಎರಡನೇ ಪೋರ್ಟಿಗೆ ಮೀಸಲು. ಮೊದಲ ವಿಎಫ್ ಎಷ್ಟು ದೂರದಲ್ಲಿ, ಮುಂದಿನದು ಎಷ್ಟು ಹೆಜ್ಜೆಗೆ ಎಂಬ ಎರಡು ಅಂಕಿಗಳು ಕಾರ್ಡಿನ ಎಸ್‌ಆರ್‌ಐಒವಿ ಕೇಪಬಿಲಿಟಿಯಲ್ಲೇ ಬರೆದಿವೆ: ದೂರ 128, ಹೆಜ್ಜೆ 2. ಯಾವ ವಿಎಫ್ ಯಾವ ಪೋರ್ಟಿನದು ಎಂದು ಗೊಂದಲವಾದಾಗ ಈ ಲೆಕ್ಕ ಬೇಗ ದಾರಿ ತೋರಿಸುತ್ತದೆ.

ಸಿಸ್‌ಎಫ್‌ಎಸ್‌ಗೆ ಬರೆದದ್ದು ಮರುಬೂಟ್‌ನಲ್ಲಿ ಅಳಿಸಿಹೋಗುತ್ತದೆ. ಆದ್ದರಿಂದ ಬೂಟ್ ಆಗುವಾಗ ಓಡುವ ಒಂದು ಪುಟ್ಟ ಸಿಸ್ಟಂಡಿ ಯೂನಿಟ್ ಬರೆದೆ. ಅದು ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ಗಿಂತ ಮೊದಲು ಓಡುತ್ತದೆ. ಅದರ ಮೊದಲ ಸಾಲು ವಿಎಫ್ ಸಂಖ್ಯೆ ಬರೆಯುವುದಲ್ಲ, ವಿಎಫ್‌ಗಳಿಗೆ ಹೋಸ್ಟ್ ತಾನೇ ಡ್ರೈವರ್ ಅಂಟಿಸುವುದನ್ನು ತಡೆಯುವುದು. ಅದಕ್ಕೆ ‘ಡ್ರೈವರ್ಸ್_ಆಟೋಪ್ರೋಬ್’ ಎಂದು ಮುಗಿಯುವ ಕಡತಕ್ಕೆ ಸೊನ್ನೆ ಬರೆಯಬೇಕು. ಇಲ್ಲದಿದ್ದರೆ ವಿಎಫ್‌ಗಳು ಹೋಸ್ಟ್‌ನಲ್ಲೇ ನೆಟ್‌ವರ್ಕ್ ಇಂಟರ್‌ಫೇಸ್‌ಗಳಾಗಿ ಎದ್ದು ಕುಳಿತು, ನೆಟ್‌ವರ್ಕ್ ಮ್ಯಾನೇಜರ್ ಒಂದೊಂದಕ್ಕೂ ಡಿಎಚ್‌ಸಿಪಿ ಕೇಳಿ, ಒಂದೇ ಗಣಕಕ್ಕೆ ಒಂದೇ ಜಾಲದಲ್ಲಿ ಐದಾರು ಐಪಿ ವಿಳಾಸ ಬರುತ್ತದೆ.

ವಿಎಂನ ಕೈಗೆ

ಲಿಬ್‌ವರ್ಟ್‌ನಲ್ಲಿ ವಿಎಫ್ ಕೊಡಲು ಎರಡು ಬಗೆಗಳಿವೆ. ಯಾವುದೋ ಪಿಸಿಐ ಸಾಧನವನ್ನು ಕೊಟ್ಟಂತೆ ಬರಿಯ ‘ಹೋಸ್ಟ್‌ಡೆವ್’ ಎಂದು ಕೊಡುವುದು ಒಂದು. ‘ಇಂಟರ್‌ಫೇಸ್’ ಎಂದು ಘೋಷಿಸಿ ಅದರ ಬಗೆಯನ್ನು ‘ಹೋಸ್ಟ್‌ಡೆವ್’ ಎಂದು ಬರೆಯುವುದು ಇನ್ನೊಂದು. ಹೊರನೋಟಕ್ಕೆ ಎರಡೂ ಒಂದೇ. ಮೊದಲನೆಯದರಲ್ಲಿ ವಿಎಫ್‌ನ ಮ್ಯಾಕ್ ವಿಳಾಸವನ್ನು ಯಾರೂ ನಿಗದಿ ಮಾಡುವುದಿಲ್ಲ. ಪಿಎಫ್‌ನಿಂದ ಸೊನ್ನೆಗಳ ವಿಳಾಸ ಬಂದಾಗ ವಿಎಂನೊಳಗಿನ ಡ್ರೈವರ್ ಯಾದೃಚ್ಛಿಕ ವಿಳಾಸವೊಂದನ್ನು ತಾನೇ ಕಟ್ಟಿಕೊಳ್ಳುತ್ತದೆ. ಬೂಟ್ ಆದಾಗಲೆಲ್ಲ ಹೊಸ ಮ್ಯಾಕ್, ಡಿಎಚ್‌ಸಿಪಿಯಿಂದ ಹೊಸ ಐಪಿ, ಕೆಲವೊಮ್ಮೆ ವಿಎಂನೊಳಗೆ ಇಂಟರ್‌ಫೇಸ್‌ನ ಹೆಸರೂ ಹೊಸತು. ಎರಡನೇ ಬಗೆಯಲ್ಲಿ ವಿಎಂ ಏಳುವ ಮುನ್ನ ಲಿಬ್‌ವರ್ಟ್ ಪಿಎಫ್‌ಗೆ ಹೇಳಿ ಮ್ಯಾಕ್ ಮತ್ತು ಬೇಕಿದ್ದರೆ ವಿಎಲ್ಎಎನ್ ಹೊಂದಿಸಿ ಕೊಡುತ್ತದೆ. ಎರಡನೆಯದನ್ನೇ ಬಳಸಿ, ಮೊದಲನೆಯದನ್ನು ಮರೆತುಬಿಡಿ ಎನ್ನುತ್ತೇನೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಿಎಫ್‌ನ ಹೆಸರು ಕೊಟ್ಟು ಲಿಬ್‌ವರ್ಟ್ ಜಾಲವೊಂದನ್ನು ಕಟ್ಟಿಟ್ಟರೆ ಖಾಲಿ ಇರುವ ವಿಎಫ್ ಅನ್ನು ಅದೇ ಹುಡುಕಿ ಕೊಡುತ್ತದೆ. ಆಗ ವಿಎಂನ ವಿವರದಲ್ಲಿ 03:10.2 ಎಂಬಂಥ ವಿಳಾಸವನ್ನು ಕೊರೆದಿಡಬೇಕಿಲ್ಲ.

ಫೈರ್‌ವಾಲ್‌ಗೆ ಹಲವು ವಿಎಲ್ಎಎನ್ ಬೇಕು. ಪಿಎಫ್ ಕಡೆಯಿಂದ ವಿಎಲ್ಎಎನ್ ಬಿಗಿದರೆ ವಿಎಫ್ ಅದೊಂದರೊಳಗೇ ಬಂಧಿ. ಬಿಗಿಯದೆ ಬಿಟ್ಟರೆ ವಿಎಂ ತಾನೇ ಟ್ಯಾಗ್ ಹಾಕಿಕೊಳ್ಳಬಹುದು. ಒಳಗೆ ಹೊಸ ವಿಎಲ್ಎಎನ್ ಇಂಟರ್‌ಫೇಸ್ ಮಾಡಿದಾಗ ವಿಎಫ್ ಡ್ರೈವರ್ ಮೇಲ್‌ಬಾಕ್ಸ್ ಎಂಬ ಕಿರು ಸಂದೇಶ ಮಾರ್ಗದಿಂದ ಪಿಎಫ್‌ಗೆ ಕೋರಿಕೆ ಕಳುಹಿಸಿ ಫಿಲ್ಟರ್ ಹಾಕಿಸಿಕೊಳ್ಳುತ್ತದೆ. ಇಂಥ ಪೂಲ್ ಫಿಲ್ಟರುಗಳು ಪೋರ್ಟಿಗೆ 64 ಮಾತ್ರ. ಅಷ್ಟು ವಿಎಲ್ಎಎನ್‌ಗಳು ನನಗೆ ಬೇಕಿಲ್ಲ.

ಫೈರ್‌ವಾಲ್ ಎದ್ದಿತು. ಒಳಗೆ ‘ಐಎಕ್ಸ್‌ಜಿಬಿಇವಿಎಫ್’ ಡ್ರೈವರ್, ಎಂಎಸ್‌ಐ-ಎಕ್ಸ್ ಇಂಟರಪ್ಟ್ ವೆಕ್ಟರುಗಳು ಮೂರು: ಕ್ಯೂಗಳಿಗೆ ಎರಡು, ಮೇಲ್‌ಬಾಕ್ಸ್‌ಗೆ ಒಂದು. ಅಂದರೆ ವಿಎಂಗೆ ಎಷ್ಟೇ ಕೋರ್ ಕೊಟ್ಟರೂ ಈ ಚಿಪ್ಪಿನ ಒಂದು ವಿಎಫ್ ಬರುವ ಹೊರೆಯನ್ನು ಎರಡಕ್ಕೆ ಮಾತ್ರ ಹಂಚುತ್ತದೆ. ಹೊರಜಾಲಕ್ಕೆ ಪಿಂಗ್ ಹೋಯಿತು, ಬಂತು. ಹೋಸ್ಟ್‌ನ ‘ಟಾಪ್’ನಲ್ಲಿ ವಿಹೋಸ್ಟ್ ಥ್ರೆಡ್‌ಗಳ ಸುಳಿವಿಲ್ಲ.

ಎಆರ್‌ಪಿ ಸಿಗುತ್ತದೆ, ಪಿಂಗ್ ಸಿಗುವುದಿಲ್ಲ

ತೊಂದರೆ ಕಾಣಿಸಿದ್ದು ಅದೇ ಹೋಸ್ಟ್‌ನ ಕಂಟೇನರುಗಳಲ್ಲಿ, ಅಂದರೆ ಹೋಸ್ಟ್‌ನ ಕರ್ನಲ್ ಹಂಚಿಕೊಂಡು ಪ್ರತ್ಯೇಕವಾಗಿ ಓಡುವ ತಂತ್ರಾಂಶಗಳಲ್ಲಿ. ಅವು ಹಿಂದಿನಂತೆ ಲಿನಕ್ಸ್ ಬ್ರಿಜ್‌ನ ಮೇಲೇ ಇದ್ದವು, ಬ್ರಿಜ್‌ನ ಹೊರದಾರಿ ಅದೇ ಪಿಎಫ್. ಕಂಟೇನರುಗಳಿಂದ ಅದೇ ಜಾಲದಲ್ಲಿರುವ ಬೇರೆ ಗಣಕಗಳಿಗೆ ದಾರಿ ಸುಗಮ. ಫೈರ್‌ವಾಲ್‌ನಿಂದ ಹೊರಗಿನ ಗಣಕಗಳಿಗೂ ಸುಗಮ. ಒಂದೇ ಪೆಟ್ಟಿಗೆಯೊಳಗಿರುವ ಕಂಟೇನರ್ ಮತ್ತು ಫೈರ್‌ವಾಲ್ ಮಾತ್ರ ಪರಸ್ಪರ ಮೂಕ. ಫೈರ್‌ವಾಲೇ ಗೇಟ್‌ವೇ; ಅದು ಸಿಗದ ಕಂಟೇನರ್ ತನ್ನ ಜಾಲದಾಚೆಗೆ ಎಲ್ಲಿಗೂ ಹೋಗಲಾರದು.

ಫೈರ್‌ವಾಲ್ ಒಳಗೆ ಹೋಗಿ ಕಂಟೇನರಿಗೆ ಪಿಂಗ್ ಮಾಡಿದರೆ ಉತ್ತರವಿಲ್ಲ. ಆದರೆ ಯಾವ ಐಪಿಗೆ ಯಾವ ಮ್ಯಾಕ್ ಎಂದು ಕೇಳಿ ತಿಳಿಯುವ ಎಆರ್‌ಪಿಯ ಪಟ್ಟಿಯಲ್ಲಿ ಕಂಟೇನರಿನ ಮ್ಯಾಕ್ ಸರಿಯಾಗಿಯೇ ದಾಖಲಾಗಿತ್ತು. ಫೈರ್‌ವಾಲ್ ನಿಯಮಗಳನ್ನು ತಡಕಾಡಲು ಹೊರಡುವ ಮುನ್ನ ಇದೇ ಸುಳಿವನ್ನು ಹಿಡಿದುಕೊಳ್ಳಬೇಕು: ವಿಳಾಸ ಸಿಕ್ಕಿದೆ ಎಂದ ಮೇಲೆ ಎರಡೂ ದಿಕ್ಕಿಗೆ ಏನೋ ಒಂದು ಹರಿದಿದೆ. ಎಆರ್‌ಪಿ ಪಟ್ಟಿ ಅಳಿಸಿ ಕಂಟೇನರ್ ಕಡೆಯಿಂದ ಮೊದಲು ಪಿಂಗ್ ಮಾಡಿದರೆ ಚಿತ್ರ ಬೇರೆ. ಅಲ್ಲಿ ಫೈರ್‌ವಾಲ್‌ನ ವಿಳಾಸ ಅಪೂರ್ಣವೆಂದೇ ಉಳಿಯುತ್ತದೆ. ಒಂದು ಕಡೆಯಿಂದ ಹೊರಟರೆ ಎಆರ್‌ಪಿ ಮುಗಿಯುತ್ತದೆ, ಇನ್ನೊಂದು ಕಡೆಯಿಂದ ಹೊರಟರೆ ಇಲ್ಲ.

ಮೂರು ಕಡೆ ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಹಚ್ಚಿದೆ: ಫೈರ್‌ವಾಲ್ ಒಳಗೆ, ಹೋಸ್ಟ್‌ನ ಪಿಎಫ್ ಮೇಲೆ, ಕಂಟೇನರನ್ನು ಬ್ರಿಜ್‌ಗೆ ಜೋಡಿಸುವ ವೆತ್ ಎಂಬ ವರ್ಚುವಲ್ ಕೇಬಲ್ ಮೇಲೆ. ಫೈರ್‌ವಾಲ್‌ನಿಂದ ಪಿಂಗ್. ಒಳಗೆ ಕಂಡದ್ದು: ಎಆರ್‌ಪಿ ಪ್ರಶ್ನೆ ಹೊರಗೆ, ಎಆರ್‌ಪಿ ಉತ್ತರ ಒಳಗೆ, ಐಸಿಎಂಪಿ (ಪಿಂಗ್‌ನ ಪ್ಯಾಕೆಟ್) ಹೊರಗೆ, ಮತ್ತೆ ಐಸಿಎಂಪಿ ಹೊರಗೆ. ಪಿಎಫ್ ಮೇಲೆ ಕಂಡದ್ದು: ಎಆರ್‌ಪಿ ಪ್ರಶ್ನೆ, ಎಆರ್‌ಪಿ ಉತ್ತರ, ಐಸಿಎಂಪಿ ಒಂದೂ ಇಲ್ಲ. ವೆತ್ ಮೇಲೂ ಹಾಗೆಯೇ. ಫೈರ್‌ವಾಲ್ ಬಿಟ್ಟ ಐಸಿಎಂಪಿ ಪಿಎಫ್ ತಲುಪುವ ಮೊದಲೇ ಎಲ್ಲೋ ತಿರುವು ತೆಗೆದುಕೊಂಡಿತ್ತು. ಹೊರಗಿನ ಸ್ವಿಚ್‌ನಲ್ಲಿ ಪೋರ್ಟ್ ಮಿರರಿಂಗ್ ಹಾಕಿ ನೋಡಿದರೆ, ಕಂಟೇನರಿನ ಮ್ಯಾಕ್‌ಗೆ ವಿಳಾಸ ಬರೆದ ಐಸಿಎಂಪಿ ಫ್ರೇಮ್‌ಗಳು ಕೇಬಲ್ ದಾಟಿ ಅಲ್ಲಿಗೆ ಬಂದು ಬೀಳುತ್ತಿದ್ದವು!

ಇಲ್ಲಿಂದಾಚೆಗೆ ಕಾರ್ಡಿನೊಳಗಿನ ಸ್ವಿಚ್‌ನ ಸ್ವಭಾವ ತಿಳಿದರೆ ಸಾಕು. ಲಿನಕ್ಸ್ ಬ್ರಿಜ್ ಕಲಿಯುವ ಸ್ವಿಚ್. ಯಾವ ಮ್ಯಾಕ್ ಯಾವ ಕಡೆಯಿಂದ ಬಂತೆಂದು ಗುರುತಿಟ್ಟುಕೊಳ್ಳುತ್ತದೆ, ಗೊತ್ತಿಲ್ಲದ್ದನ್ನು ಎಲ್ಲ ಕಡೆಗೂ ಹರಡುತ್ತದೆ. 82599ರ ಒಳಗಿನ ಸ್ವಿಚ್ ಕಲಿಯುವುದಿಲ್ಲ. ಅದರ ಬಳಿ ಇರುವುದು ಒಂದು ಪಟ್ಟಿ: ಈ ಮ್ಯಾಕ್ ಈ ಪೂಲ್‌ಗೆ. ಪಟ್ಟಿಗೆ ಹೆಸರು ಸೇರಿಸುವುದು ಡ್ರೈವರ್ ಮಾತ್ರ. ವಿಎಫ್‌ನಿಂದ ಹೊರಟ ಫ್ರೇಮ್‌ನ ಗುರಿ ಪಟ್ಟಿಯಲ್ಲಿದ್ದರೆ ಒಳಗೇ ತಿರುಗಿಸುತ್ತದೆ. ಇಲ್ಲದಿದ್ದರೆ ಕೇಬಲ್‌ಗೆ ತಳ್ಳುತ್ತದೆ. ಬ್ರಿಜ್‌ನ ಹಿಂದೆ ಅವಿತಿರುವ ಕಂಟೇನರುಗಳ ಮ್ಯಾಕ್ ಅದಕ್ಕೆ ಹೇಗೆ ಗೊತ್ತಾಗಬೇಕು? ಬ್ರಿಜ್‌ನಲ್ಲಿರುವುದರಿಂದ ಪಿಎಫ್ ಯಾರದೇ ಫ್ರೇಮ್ ಆದರೂ ಸ್ವೀಕರಿಸುವ ಪ್ರಾಮಿಸ್ಕ್ಯುಯಸ್ ಸ್ಥಿತಿಯಲ್ಲೇ ಇದೆಯಲ್ಲ ಎಂದು ಕೇಳಬಹುದು. ಈ ಚಿಪ್ಪಿನಲ್ಲಿ ಆ ಉದಾರತೆ ಕೇಬಲ್‌ನಿಂದ ಬರುವ ಫ್ರೇಮ್‌ಗಳಿಗೆ ಮಾತ್ರ. ವಿಎಫ್‌ನಿಂದ ಬರುವವಕ್ಕೆ ಅಲ್ಲ.

ಹೊರಗಿನ ಸ್ವಿಚ್ ಏನು ಮಾಡುತ್ತದೆ? ಕಂಟೇನರ್ ಹಿಂದೆ ಹೊರಜಾಲದ ಜೊತೆ ಮಾತಾಡಿದ್ದರಿಂದ ಅದರ ಮ್ಯಾಕ್ ಇದೇ ಪೋರ್ಟಿನ ಹಿಂದೆ ಇದೆ ಎಂದು ಅದಕ್ಕೆ ಗೊತ್ತು. ಬಂದ ಪೋರ್ಟಿಗೇ ಫ್ರೇಮ್ ಹಿಂದಿರುಗಿಸುವುದು ಸ್ವಿಚ್‌ಗಳ ಧರ್ಮವಲ್ಲ. ಎಸೆದುಬಿಡುತ್ತದೆ.

ಎಆರ್‌ಪಿಯ ಒಗಟೂ ಇದರಲ್ಲೇ ಬಿಡುತ್ತದೆ. ಪ್ರಶ್ನೆ ಬ್ರಾಡ್‌ಕಾಸ್ಟ್, ಅಂದರೆ ಎಲ್ಲರಿಗೂ; ಒಳಗಿನ ಸ್ವಿಚ್ ಬ್ರಾಡ್‌ಕಾಸ್ಟ್ ಅನ್ನು ಪಿಎಫ್‌ಗೂ ನಕಲು ಮಾಡಿ ಕೊಡುತ್ತದೆ. ಕಂಟೇನರಿನ ಉತ್ತರ ವಿಎಫ್‌ನ ಮ್ಯಾಕ್‌ಗೆ. ಅದು ಪಟ್ಟಿಯಲ್ಲಿದೆ, ತಲುಪುತ್ತದೆ. ನಂತರದ ಐಸಿಎಂಪಿ ಕಂಟೇನರಿನ ಮ್ಯಾಕ್‌ಗೆ ಯೂನಿಕಾಸ್ಟ್, ಅಂದರೆ ಅದೊಂದಕ್ಕೆ ಮಾತ್ರ. ಪಟ್ಟಿಯಲ್ಲಿಲ್ಲ, ಕೇಬಲ್ ಪಾಲು. ಕಂಟೇನರ್ ಕಡೆಯಿಂದ ಮೊದಲು ಕೇಳಿದರೆ ಫೈರ್‌ವಾಲ್‌ನ ಎಆರ್‌ಪಿ ಉತ್ತರವೇ ಯೂನಿಕಾಸ್ಟ್ ಆಗಿ ಕೇಬಲ್ ಪಾಲಾಗುತ್ತದೆ. ಒಂದೇ ಪೋರ್ಟಿನ ಮೇಲೆ ಎರಡು ಸ್ವಿಚ್‌ಗಳು, ಎತ್ತು ಏರಿಗೆ ಕೋಣ ನೀರಿಗೆ.

ದುರಸ್ತಿ

ಪರಿಹಾರ ಒಂದೇ ಸಾಲಿನದು. ‘ಬ್ರಿಜ್ ಎಫ್‌ಡಿಬಿ ಆಡ್’ ಆದೇಶಕ್ಕೆ ಕಂಟೇನರಿನ ಮ್ಯಾಕ್ ಮತ್ತು ಪಿಎಫ್‌ನ ಹೆಸರು ಕೊಟ್ಟರೆ, ಆ ಮ್ಯಾಕ್ ಪಿಎಫ್‌ನ ಪಾಲಿನದೆಂದು ಡ್ರೈವರ್ ಕಾರ್ಡಿನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ‘ಬ್ರಿಜ್ ಎಫ್‌ಡಿಬಿ ಶೋ’ ತೋರಿಸುವ ಸಾಲಿನಲ್ಲಿ ‘ಸೆಲ್ಫ್’ ಎಂದಿರಬೇಕು. ‘ಮಾಸ್ಟರ್’ ಎಂದಿದ್ದರೆ ಅದು ಲಿನಕ್ಸ್ ಬ್ರಿಜ್‌ನ ಪಟ್ಟಿ, ಕಾರ್ಡಿಗೆ ಸುದ್ದಿ ಮುಟ್ಟಿಲ್ಲ. ಆದೇಶ ಕೊಟ್ಟ ಕ್ಷಣವೇ ಪಿಂಗ್ ಹರಿಯಿತು.

ಕೈಯಿಂದ ಮಾಡಿದ್ದು ಮರುಬೂಟ್‌ವರೆಗೆ. ಸ್ವಯಂಚಾಲಿತ ಮಾಡಬೇಕಾದಾಗ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಬ್ರಿಜ್ ಮೇಲಿನ ವಿಎಂಗಳಿಗೆ ಲಿಬ್‌ವರ್ಟ್ ಮಾಡುವ ಟ್ಯಾಪ್‌ನ ಮ್ಯಾಕ್ ‘ಎಫ್‌ಇ’ಯಿಂದ ಆರಂಭವಾಗುತ್ತದೆ, ವಿಎಂನೊಳಗಿನ ಕಾರ್ಡಿನದು 52ರಿಂದ. ಉಳಿದ ಐದು ಜೋಡಿ ಎರಡರಲ್ಲೂ ಒಂದೇ. ಹೋಸ್ಟ್‌ನಲ್ಲಿ ಇಂಟರ್‌ಫೇಸ್‌ಗಳ ಪಟ್ಟಿ ತೆಗೆದು ಕಣ್ಣಿಗೆ ಬಿದ್ದ ವಿಳಾಸವನ್ನು ಸೇರಿಸುವ ಸ್ಕ್ರಿಪ್ಟ್ ತಪ್ಪು ವಿಳಾಸವನ್ನೇ ಸೇರಿಸುತ್ತದೆ. ಫ್ರೇಮ್‌ನಲ್ಲಿರುವುದು 52ರ ವಿಳಾಸ, ಬೇಕಿರುವುದು ಅದೇ. ವಿಎಂ ಏಳುವಾಗ, ನಿಲ್ಲುವಾಗ ಲಿಬ್‌ವರ್ಟ್ ತಾನೇ ಓಡಿಸುವ ಸ್ಕ್ರಿಪ್ಟ್, ಅಂದರೆ ‘ಕ್ಯೂಎಂಯು’ ಹುಕ್, ಇದಕ್ಕೆ ಒಳ್ಳೆಯ ಜಾಗ. ಹುಕ್‌ನೊಳಗಿಂದ ಲಿಬ್‌ವರ್ಟ್‌ಗೇ ಮತ್ತೆ ಕರೆ ಮಾಡಬಾರದು, ಹಾಗೆ ಮಾಡಿದರೆ ಒಂದಕ್ಕೊಂದು ಕಾಯುತ್ತ ನಿಂತುಬಿಡಬಹುದು. ಅದರ ಅಗತ್ಯವೂ ಇಲ್ಲ; ವಿಎಂನ ಪೂರ್ಣ ಎಕ್ಸ್‌ಎಂಎಲ್ ವಿವರ ಹುಕ್‌ನ ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ ಬಂದು ಬೀಳುತ್ತದೆ, ಮ್ಯಾಕ್ ಅಲ್ಲೇ ಸಿಗುತ್ತದೆ. ವಿಎಂ ನಿಂತಾಗ ಅದೇ ಹುಕ್ ವಿಳಾಸವನ್ನು ತೆಗೆದುಹಾಕುತ್ತದೆ. ಕಂಟೇನರುಗಳ ಮ್ಯಾಕ್‌ಗಳು ಸ್ಥಿರವಾದ್ದರಿಂದ ಅವನ್ನು ಬೂಟ್‌ನ ಯೂನಿಟ್‌ಗೇ ಸೇರಿಸಿದೆ.

ಬ್ರಿಜ್‌ನ ಸ್ವಂತ ಮ್ಯಾಕ್ ಅನ್ನೂ ಮರೆಯುವಂತಿಲ್ಲ. ಬ್ರಿಜ್ ಪಿಎಫ್‌ನ ಮ್ಯಾಕ್ ಅನ್ನೇ ಹೊತ್ತಿದ್ದರೆ ಚಿಂತೆಯಿಲ್ಲ. ಸಿಸ್ಟಂಡಿಯ ನೀತಿಯಂತೆ ಬ್ರಿಜ್‌ಗೆ ಬೇರೆಯದೇ ಮ್ಯಾಕ್ ಹುಟ್ಟಿದ್ದರೆ ಹೋಸ್ಟ್ ಕೂಡ ಫೈರ್‌ವಾಲ್‌ಗೆ ಸಿಗುವುದಿಲ್ಲ. ಅದೇ ರೋಗ, ಅದೇ ಮದ್ದು.

ಈ ಪಟ್ಟಿಗೂ ಮಿತಿ ಇದೆ. ಚಿಪ್ಪಿನಲ್ಲಿ ಪೋರ್ಟಿಗೆ 128 ಮ್ಯಾಕ್ ರಿಜಿಸ್ಟರುಗಳು, ಅದರಲ್ಲೇ ವಿಎಫ್‌ಗಳ ಪಾಲೂ ಸೇರಿದೆ. ಕೆಲವು ಡಜನ್ ಕಂಟೇನರುಗಳಿಗೆ ಧಾರಾಳ, ನೂರಾರು ಇದ್ದರೆ ಈ ದಾರಿ ಬೇಡ. ಕಾರ್ಡಿನ ಎರಡನೇ ಪೋರ್ಟ್ ಖಾಲಿ ಇದ್ದರೆ ಬ್ರಿಜ್ ಅನ್ನು ಅದಕ್ಕೆ ಬದಲಿಸಿ, ವಿಎಫ್‌ಗಳನ್ನು ಮೊದಲ ಪೋರ್ಟಿನಲ್ಲೇ ಬಿಡುವುದು ಹೆಚ್ಚು ಚೊಕ್ಕ. ಎರಡರ ನಡುವಿನ ಮಾತುಕತೆ ಹೊರಗಿನ ಸ್ವಿಚ್ ಮೂಲಕ ಸಹಜವಾಗಿ ನಡೆಯುತ್ತದೆ. ನನ್ನ ಎರಡನೇ ಪೋರ್ಟು ಸ್ಟೋರೇಜ್ ಜಾಲಕ್ಕೆ ಹೋಗಿರುವುದರಿಂದ ಹುಕ್‌ಗೇ ಅಂಟಿಕೊಂಡಿದ್ದೇನೆ. ಇಂಟೆಲ್ ಇ810, ಮೆಲನಾಕ್ಸ್ ಕನೆಕ್ಟ್‌ಎಕ್ಸ್-5 ಮುಂತಾದ ಹೊಸ ಕಾರ್ಡುಗಳು ‘ಸ್ವಿಚ್‌ಡೆವ್’ ಬಗೆಯಲ್ಲಿ ಪ್ರತಿ ವಿಎಫ್‌ಗೂ ಹೋಸ್ಟ್‌ನಲ್ಲಿ ಒಬ್ಬ ಪ್ರತಿನಿಧಿ ಇಂಟರ್‌ಫೇಸ್ ಕೊಡುತ್ತವೆ. ಹೊಸದಾಗಿ ಕೊಳ್ಳುವವರು ಅತ್ತ ನೋಡುವುದು ಒಳ್ಳೆಯದು.

ಇನ್ನೊಂದು ತಕರಾರು ಚಿಕ್ಕದು, ಆದರೆ ಅದರ ಸಂದೇಶ ಸ್ವಾರಸ್ಯದ್ದು. ಫೈರ್‌ವಾಲ್ ಒಳಗೆ ಮ್ಯಾಕ್‌ವಿಲ್ಯಾನ್ ಬಗೆಯ ಇಂಟರ್‌ಫೇಸ್ ಒಂದನ್ನು ಮಾಡಬೇಕಿತ್ತು, ಅಂದರೆ ಅದೇ ವಿಎಫ್ ಮೇಲೆ ಎರಡನೇ ಮ್ಯಾಕ್. ಒಳಗೆ ಎಲ್ಲವೂ ಸರಿ ಎಂದಿತು, ಪ್ಯಾಕೆಟ್ ಮಾತ್ರ ಬರಲಿಲ್ಲ. ಹೋಸ್ಟ್‌ನ ಕರ್ನಲ್ ಲಾಗ್ ಹೇಳಿತು: ವಿಎಫ್ ಮ್ಯಾಕ್‌ವಿಲ್ಯಾನ್ ಫಿಲ್ಟರ್ ಕೇಳಿದೆ, ಆಡಳಿತಾತ್ಮಕವಾಗಿ ನಿರಾಕರಿಸಲಾಗಿದೆ. ಪಿಎಫ್ ಕಡೆಯಿಂದ ಮ್ಯಾಕ್ ನಿಗದಿಯಾದ ವಿಎಫ್ ಬೇರೆ ಮ್ಯಾಕ್ ಕೇಳುವಂತಿಲ್ಲ. ಅದನ್ನು ನಂಬಿಕಸ್ಥ ಎಂದು ಗುರುತು ಮಾಡಿದರೆ, ಅಂದರೆ ‘ಐಪಿ ಲಿಂಕ್’ನಲ್ಲಿ ಆ ವಿಎಫ್‌ಗೆ ‘ಟ್ರಸ್ಟ್ ಆನ್’ ಕೊಟ್ಟರೆ, ಒಪ್ಪುತ್ತದೆ. ನನ್ನದೇ ಫೈರ್‌ವಾಲ್ ಆದ್ದರಿಂದ ಕೊಟ್ಟೆ. ಪರರ ವಿಎಂಗಳಿಗೆ ಕೊಡಬಾರದು. ಅವುಗಳಿಗೆ ‘ಸ್ಪೂಫ್‌ಚೆಕ್’ ಚಾಲೂ ಇಟ್ಟು, ತಮ್ಮದಲ್ಲದ ಮ್ಯಾಕ್‌ನಿಂದ ಫ್ರೇಮ್ ಕಳುಹಿಸದಂತೆ ಕಟ್ಟಿಹಾಕಬೇಕು. ಏಕೆಂದರೆ ವಿಎಫ್‌ನ ಟ್ರಾಫಿಕ್ ಬ್ರಿಜ್ ದಾಟುವ ಫ್ರೇಮ್‌ಗಳನ್ನು ಸೋಸುವ ಹೋಸ್ಟ್‌ನ ಎಬಿಟೇಬಲ್ಸ್‌ಗೂ ಕಾಣುವುದಿಲ್ಲ, ಲಿಬ್‌ವರ್ಟ್‌ನ ನೆಟ್‌ವರ್ಕ್ ಫಿಲ್ಟರ್‌ಗೂ ಸಿಗುವುದಿಲ್ಲ. ಅಲ್ಲಿ ಉಳಿದಿರುವ ಕಾವಲು ಕಾರ್ಡು ಮಾಡುವಷ್ಟೇ. ವಿಎಂನೊಳಗೆ ಮತ್ತೊಂದು ಬ್ರಿಜ್ ಕಟ್ಟುವ ಯೋಚನೆಯಿದ್ದರೆ 82599 ಬೇಡ. ವಿಎಫ್ ಅನ್ನು ಪ್ರಾಮಿಸ್ಕ್ಯುಯಸ್ ಮಾಡುವುದನ್ನು ಅದರ ಡ್ರೈವರ್ ನಂಬಿಕಸ್ಥ ಎಂದು ಗುರುತಾದ ವಿಎಫ್‌ಗೂ ಒಪ್ಪುವುದಿಲ್ಲ.

ಲಾಭ ಎಲ್ಲಿ, ನಷ್ಟ ಎಲ್ಲಿ

ಐಪರ್ಫ್‌3ರಿಂದ ದೊಡ್ಡ ಟಿಸಿಪಿ ಹರಿವು ಅಳೆದರೆ ವಿಎಫ್‌ನಲ್ಲಿ ಸಿಕ್ಕಿದ್ದು 9.4 ಗಿಗಾಬಿಟ್ ಆಸುಪಾಸು. 1500 ಬೈಟ್‌ನ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಇಟ್ಟುಕೊಂಡರೆ ಹೆಡರುಗಳನ್ನೂ ಫ್ರೇಮ್ ನಡುವಿನ ಅಂತರವನ್ನೂ ಕಳೆದು 10 ಗಿಗಾಬಿಟ್ ಕೇಬಲ್ ಕೊಡಬಲ್ಲದ್ದೇ ಅಷ್ಟು. ಆದರೆ ಹಳೆಯ ಬ್ರಿಜ್ ದಾರಿಯ ವರ್ಚುವಲ್ ಕಾರ್ಡಾದ ವರ್ಟಿಯೋ-ನೆಟ್‌ನಲ್ಲೂ ಹೆಚ್ಚುಕಡಿಮೆ ಅದೇ ಅಂಕಿ ಬರುತ್ತಿತ್ತು! ಈ ಒಂದು ಪರೀಕ್ಷೆ ನೋಡಿ ತೀರ್ಮಾನಿಸುವವರಿಗೆ ಎಸ್‌ಆರ್‌ಐಒವಿ ದಂಡವೆನಿಸುತ್ತದೆ. ವ್ಯತ್ಯಾಸ ಬೇರೆಡೆ ಇದೆ. 64 ಬೈಟ್‌ನ ಫ್ರೇಮ್‌ಗಳಾದರೆ 10 ಗಿಗಾಬಿಟ್ ಕೇಬಲ್ ಸೆಕೆಂಡಿಗೆ 1.488 ಕೋಟಿ ಫ್ರೇಮ್‌ಗಳನ್ನು ಹೊರಬಲ್ಲದು. ವಿಹೋಸ್ಟ್ ಅದರ ಹತ್ತಿರಕ್ಕೂ ಸುಳಿಯದು. ವಿಎಫ್‌ನಲ್ಲಿಯೂ ಸಾಮಾನ್ಯ ಕರ್ನಲ್ ಸ್ಟ್ಯಾಕ್ ಅಲ್ಲಿಗೆ ಮುಟ್ಟುವುದಿಲ್ಲ, ಆದರೆ ಸಣ್ಣ ಪ್ಯಾಕೆಟ್ಟುಗಳ ಹರಿವು ಸ್ಪಷ್ಟವಾಗಿ ಏರಿತು. ಹೊರೆ ಇದ್ದಾಗ ಪಿಂಗ್ ಸಮಯ ಏರಿಳಿಯುವುದು ಬಹಳ ತಗ್ಗಿತು, ಹೋಸ್ಟ್‌ನ ಕೋರುಗಳು ಉಳಿದ ವಿಎಂಗಳಿಗೆ ಮರಳಿ ಸಿಕ್ಕವು.

ಒಂದೇ ಹೋಸ್ಟ್‌ನ ಎರಡು ವಿಎಂಗಳ ನಡುವಿನ ಹರಿವಿನಲ್ಲಿ ಲೆಕ್ಕ ಉಲ್ಟಾ. ವರ್ಟಿಯೋದಲ್ಲಿ 64 ಕಿಲೋಬೈಟ್‌ವರೆಗಿನ ಟಿಸಿಪಿ ತುಂಡು ಒಡೆಯದೆಯೇ ಒಂದು ಮೆಮೊರಿಯಿಂದ ಇನ್ನೊಂದಕ್ಕೆ ನಕಲಾಗುತ್ತದೆ, 10 ಗಿಗಾಬಿಟ್ ಎಂಬ ಗೆರೆ ಅಲ್ಲಿಲ್ಲ. ವಿಎಫ್‌ನಲ್ಲಾದರೆ ಪ್ರತಿ ಫ್ರೇಮ್ ಪಿಸಿಐ ಎಕ್ಸ್‌ಪ್ರೆಸ್ ದಾಟಿ ಕಾರ್ಡಿಗೆ ಹೋಗಿ, ತಿರುಗಿ, ಮತ್ತೆ ದಾಟಿ ಬರಬೇಕು. ಆದ್ದರಿಂದ ಡೇಟಾಬೇಸ್ ವಿಎಂ ಮತ್ತು ಅದನ್ನು ಕೇಳುವ ವಿಎಂಗಳನ್ನು ಬ್ರಿಜ್ ಮೇಲೇ ಬಿಟ್ಟೆ. ವಿಎಫ್ ಸಿಕ್ಕಿದ್ದು ಫೈರ್‌ವಾಲ್‌ಗೆ ಮತ್ತು ಸ್ಟೋರೇಜ್ ವಿಎಂಗೆ. ಇನ್ನೊಂದನ್ನು ಗಮನಿಸಬೇಕು: ಎಸ್‌ಆರ್‌ಐಒವಿ ಚಾಲೂ ಆದೊಡನೆ ಪಿಎಫ್ ತನಗಾಗಿ ಇಟ್ಟುಕೊಳ್ಳುವ ಕ್ಯೂಗಳು ಇಳಿಯುತ್ತವೆ. ಬ್ರಿಜ್ ಮೇಲೆ ಉಳಿದವರ ಪಾಲು ಸ್ವಲ್ಪ ಕಿರಿದಾಗುತ್ತದೆ.

ಮೆಮೊರಿ ಇನ್ನೊಂದು ಬೆಲೆ. ಕಾರ್ಡು ಯಾವ ಕ್ಷಣದಲ್ಲಿ ವಿಎಂನ ಯಾವ ಪುಟಕ್ಕೆ ಬರೆಯುತ್ತದೆ ಎಂದು ಹೇಳಲಾಗದ ಕಾರಣ, ಸಾಧನವನ್ನು ವಿಎಂಗೆ ಒಪ್ಪಿಸುವ ಕರ್ನಲ್‌ನ ಭಾಗವಾದ ವಿಎಫ್‌ಐಒ ಆ ವಿಎಂನ ಸಂಪೂರ್ಣ ಮೆಮೊರಿಯನ್ನು ಆರಂಭದಲ್ಲೇ ಗೂಟ ಹೊಡೆದು ಕಟ್ಟುತ್ತದೆ. 8 ಗಿಗಾಬೈಟ್ ಎಂದು ಬರೆದಿದ್ದರೆ ಎದ್ದ ಕೂಡಲೇ 8 ಗಿಗಾಬೈಟ್ ಹೋಯಿತು. ವಿಎಂ ಬಳಸದ ಮೆಮೊರಿಯನ್ನು ಹಿಂಪಡೆಯುವ ಬಲೂನ್, ಸ್ವಾಪ್, ಒಂದೇ ಮೆಮೊರಿಯನ್ನು ಹಲವರಿಗೆ ಹಂಚುವ ಚಾಲಾಕಿ ಯಾವುದೂ ನಡೆಯುವುದಿಲ್ಲ. ಎರಡೂ ವಿಎಂಗಳ ಮೆಮೊರಿಯನ್ನು ನಿಜವಾಗಿ ಬೇಕಾದಷ್ಟಕ್ಕೆ ಇಳಿಸಿದೆ.

ಉಳಿದದ್ದು ಲೈವ್ ಮೈಗ್ರೇಶನ್. ಈ ಕಾರ್ಡಿನ ವಿಎಫ್ ಹಿಡಿದಿರುವ ವಿಎಂ ಓಡುತ್ತಿರುವಾಗಲೇ ಬೇರೆ ಹೋಸ್ಟ್‌ಗೆ ಹೋಗಲಾರದು. ಲಿನಕ್ಸ್ 4.18ರಲ್ಲಿ ಬಂದ ‘ನೆಟ್_ಫೇಲೋವರ್’ ಇದಕ್ಕೆ ದಾರಿ ತೋರಿಸುತ್ತದೆ: ವಿಎಂಗೆ ವಿಎಫ್ ಜೊತೆ ಅದೇ ಮ್ಯಾಕ್‌ನ ವರ್ಟಿಯೋ ಕಾರ್ಡೊಂದನ್ನೂ ಕೊಡುವುದು, ವಿಎಫ್ ಇರುವವರೆಗೆ ಟ್ರಾಫಿಕ್ ಅದರಲ್ಲಿ, ಹೊರಡುವ ಮುನ್ನ ಅದನ್ನು ಕಿತ್ತರೆ ವರ್ಟಿಯೋದಲ್ಲಿ. ಸ್ಟೋರೇಜ್ ವಿಎಂನಲ್ಲಿ ಇದನ್ನು ಹೊಂದಿಸುವಾಗ ನನ್ನ ಹುಕ್ ಅಡ್ಡ ಬಂತು. ಬ್ರಿಜ್ ಮೇಲಿನ ಕಾರ್ಡುಗಳ ಮ್ಯಾಕ್ ಅನ್ನೆಲ್ಲ ಪಿಎಫ್‌ಗೆ ಸೇರಿಸುವುದು ಅದರ ಕೆಲಸ. ಆದರೆ ಇಲ್ಲಿ ಅದೇ ಮ್ಯಾಕ್ ಆಗಲೇ ವಿಎಫ್‌ನ ಹೆಸರಿನಲ್ಲಿದೆ. ಒಂದು ವಿಳಾಸಕ್ಕೆ ಇಬ್ಬರು ವಾರಸುದಾರರಾಗಬಾರದು. ಈಗ ಹುಕ್ ಎಕ್ಸ್‌ಎಂಎಲ್‌ನಲ್ಲಿ ಒಂದೇ ಮ್ಯಾಕ್ ಎರಡು ಕಡೆ ಕಂಡರೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ವಿಎಫ್ ಕೀಳುವ ಸ್ಕ್ರಿಪ್ಟ್ ಮೊದಲು ಟ್ಯಾಪ್‌ನ ಲಿಂಕ್ ಎಬ್ಬಿಸಿ, ವಿಎಫ್ ಹೋದ ಮೇಲೆ ಆ ಮ್ಯಾಕ್ ಅನ್ನು ಪಿಎಫ್‌ಗೆ ಬರೆಯುತ್ತದೆ. ಗುರಿ ಹೋಸ್ಟ್‌ನಲ್ಲಿ ಹೊಸ ವಿಎಫ್ ಅಂಟಿಸುವಾಗ ಇದೇ ಕ್ರಮ ತಲೆಕೆಳಗಾಗಿ: ಪಿಎಫ್‌ನಿಂದ ಅಳಿಸಿ, ವಿಎಫ್ ಕೊಟ್ಟು, ಟ್ಯಾಪ್‌ನ ಲಿಂಕ್ ಇಳಿಸುವುದು.